ಮುಖವಾಡ, ಮೇಳ, ಮೈಕ್: ಅರಿಸ್ಟೋಫನೀಸನ 'ಕಪ್ಪೆಗಳು' ಆಡಹೊರಟವರಿಗೆ

ಓದುಗರ ಪ್ರಶ್ನೆ: ನಮ್ಮದು ಹದಿನಾಲ್ಕು ಜನರ ಹವ್ಯಾಸಿ ತಂಡ. ಏಪ್ರಿಲ್‌ನಲ್ಲಿ ಬಯಲು ರಂಗಮಂದಿರದಲ್ಲಿ ಪ್ರಾಚೀನ ಗ್ರೀಕ್ ಹಾಸ್ಯನಾಟಕಕಾರ ಅರಿಸ್ಟೋಫನೀಸನ 'ಕಪ್ಪೆಗಳು' ನಾಟಕವನ್ನು ಕನ್ನಡದಲ್ಲಿ ಆಡಬೇಕೆಂದಿದ್ದೇವೆ. ಮುಖವಾಡದ ಬಾಯಿ ಮೆಗಾಫೋನಿನಂತೆ ಕೆಲಸ ಮಾಡುತ್ತಿತ್ತಂತೆ, ಹಾಗಾಗಿ ಮುಖವಾಡ ಹಾಕಿದರೆ ಮೈಕೇ ಬೇಡ ಎಂದು ಕೆಲವರ ವಾದ. ಮುಖ ಮುಚ್ಚಿದ ಮೇಲೆ ಅಭಿನಯ ಎಲ್ಲಿಂದ ಬಂತು ಎಂದು ಉಳಿದವರ ವಾದ. ಹೊಟ್ಟೆಗೆ ದಿಂಬು, ಸೊಂಟಕ್ಕೆ ಚರ್ಮದ ಲಿಂಗ ಎಂದೆಲ್ಲ ಓದಿ ನಟರಿಗೆ ಮುಜುಗರ. ಹಾಡಿ ಕುಣಿಯುವ 24 ಜನರ ಮೇಳ ನಮ್ಮಿಂದ ಆಗದ ಮಾತು. ಮೇಳವನ್ನೂ ನಡುವೆ ಅದು ಜನರಿಗೆ ಮಾಡುವ ನೇರ ಭಾಷಣವನ್ನೂ ಕೈಬಿಟ್ಟು, ಗ್ರೀಕ್ ಹೆಸರುಗಳ ಜಾಗದಲ್ಲಿ ನಮ್ಮ ರಾಜಕಾರಣಿಗಳ ಹೆಸರು ಸೇರಿಸಿದರೆ ಜನ ನಗುತ್ತಾರೆ ಅನ್ನಿಸುತ್ತದೆ. ನೀವೇನು ಹೇಳುತ್ತೀರಿ?

ಉತ್ತರ: ಹೆಸರುಗಳನ್ನು ಬೇಕಾದರೆ ತೆಗೆಯಿರಿ, ಮೇಳವನ್ನು ಮಾತ್ರ ತೆಗೆಯಬೇಡಿ. ನಿಮ್ಮ ಪ್ರಶ್ನೆಗಳ ಹಿಂದಿರುವ ಭಯ ಒಂದೇ: ಎರಡು ಸಾವಿರದ ನಾನೂರು ವರ್ಷ ಹಿಂದಿನ ಹಾಸ್ಯಕ್ಕೆ ಇವತ್ತು ಯಾರು ನಗುತ್ತಾರೆ? ಆ ಭಯಕ್ಕೆ ಕಾರಣವಿದೆ. ಅಂದಿನ ಅಥೆನ್ಸಿನವರಾದ ಆರ್ಕಿಡೀಮಸ್, ಕ್ಲೈಸ್ಥಿನೀಸ್ ಎಂಬ ಹೆಸರುಗಳಿಗೆ ನಮ್ಮಲ್ಲಿ ಯಾರೂ ನಗುವುದಿಲ್ಲ. ಆದರೆ ಈ ನಾಟಕದ ದೊಡ್ಡ ನಗೆಗಳೆಲ್ಲ ಮೈಯಿಂದ, ಕೈಯಲ್ಲಿರುವ ವಸ್ತುಗಳಿಂದ, ಪಾತ್ರ ಥಟ್ಟನೆ ಪ್ರೇಕ್ಷಕರ ಕಡೆ ತಿರುಗುವುದರಿಂದ ಹುಟ್ಟುತ್ತವೆ. ಅವು ಯಾವ ಊರಲ್ಲೂ ನಡೆಯುತ್ತವೆ. ಕಥೆ ಇಷ್ಟು: ತೀರಿಕೊಂಡ ನಾಟಕಕವಿ ಯೂರಿಪಿಡೀಸನನ್ನು ಮರಳಿ ಕರೆತರಲು ನಾಟಕದ ದೇವರು ಡಯೋನಿಸಸ್, ವೀರ ಹೆರಾಕ್ಲಿಸನ ವೇಷ ಹಾಕಿಕೊಂಡು, ಆಳು ಕ್ಸಾಂಥಿಯಾಸನ ಜೊತೆ ಪಾತಾಳಕ್ಕೆ ಹೋಗುತ್ತಾನೆ. ಅಲ್ಲಿ ಯೂರಿಪಿಡೀಸನಿಗೂ ಹಳೆಯ ಕವಿ ಈಸ್ಕಿಲಸನಿಗೂ ಪೈಪೋಟಿ ನಡೆಯುತ್ತದೆ.

ಮೊದಲು ಮೆಗಾಫೋನಿನ ವಿಷಯ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನ ರಂಗಮುಖವಾಡ ಒಂದೂ ಉಳಿದಿಲ್ಲ. ಬಟ್ಟೆಯ ಪದರಗಳನ್ನು ಗಟ್ಟಿಮಾಡಿ ಕೂದಲು ಅಂಟಿಸಿದಂಥ ಹಗುರ ವಸ್ತುಗಳು ಮಣ್ಣಲ್ಲಿ ಉಳಿಯುವುದಿಲ್ಲ. ನಮಗೆ ಗೊತ್ತಿರುವುದು ಹೂಜಿ, ಬಾನಿಗಳ ಮೇಲಿನ ಚಿತ್ರಗಳಿಂದ ಮತ್ತು ಹಾಸ್ಯನಟರ ಸಣ್ಣ ಮಣ್ಣಿನ ಬೊಂಬೆಗಳಿಂದ. ಮುಖವಾಡ ಮುಖದ ಜೊತೆ ತಲೆಯನ್ನೂ ಮುಚ್ಚುತ್ತಿತ್ತು, ಬಾಯಿ ಅಗಲವಾಗಿರುತ್ತಿತ್ತು ಎಂಬುದು ಅವುಗಳಲ್ಲಿ ಕಾಣುತ್ತದೆ. ಒಳಗೆ ಧ್ವನಿ ಹೆಚ್ಚಿಸುವ ಸಲಕರಣೆ ಇತ್ತು ಎನ್ನಲು ಆಧಾರವಿಲ್ಲ. ಎತ್ತರದ ಅಟ್ಟೆಯ ಪಾದರಕ್ಷೆ, ಎತ್ತರದ ಕಲ್ಲಿನ ವೇದಿಕೆ ಇವೂ ನಂತರದ ಕಾಲದ ಸಂಗತಿಗಳು. 'ಕಪ್ಪೆಗಳು' ಆಡಿದಾಗ ಹಿಂದೆ ಮರದ ಕಟ್ಟಡ, ಅದಕ್ಕೊಂದು ಬಾಗಿಲು, ಮುಂದೆ ಮೇಳ ಕುಣಿಯುವ ಅಂಗಳ, ಎಡಬಲಕ್ಕೆ ಬರುಹೋಗುವ ಎರಡು ದಾರಿ ಇದ್ದವು. ಹೆರಾಕ್ಲಿಸನ ಮನೆಗೂ ಪಾತಾಳದ ದೊರೆ ಪ್ಲೂಟೊನ ಅರಮನೆಗೂ ನಿಮಗೆ ಒಂದೇ ಬಾಗಿಲು ಸಾಕು.

ತಲೆ ಪೂರ್ತಿ ಮುಚ್ಚುವ ಮುಖವಾಡದೊಳಗೆ ನಟನ ದನಿ ಅವನ ಕಿವಿಗೇ ಗುಂಯ್‌ಗುಡುತ್ತದೆ. ತಾನು ಜೋರಾಗಿ ಹೇಳುತ್ತಿದ್ದೇನೆ ಎಂದುಕೊಂಡು ಅವನು ದನಿ ಇಳಿಸುತ್ತಾನೆ. ಹೊರಗೆ ಸ್ವರಗಳು ಕೇಳುತ್ತವೆ, ಸ, ಶ, ತ, ಪ ಮುಚ್ಚಿಹೋಗುತ್ತವೆ. ಕನ್ನಡದಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ಯಾರು, ಯಾವಾಗ ಮಾಡಿದರು ಎಂಬುದೆಲ್ಲ ಕ್ರಿಯಾಪದದ ಕೊನೆಯಲ್ಲಿರುತ್ತದೆ, ದಣಿದ ನಟ ನುಂಗುವುದೂ ಅದನ್ನೇ. ಆದ್ದರಿಂದ ಮುಖವಾಡದ ತಾಲೀಮಿನಲ್ಲಿ ವಾಕ್ಯದ ಕೊನೆಯ ಪದವನ್ನು ಉಳಿದದ್ದಕ್ಕಿಂತ ಎತ್ತರಿಸಿ ಹೇಳಿಸಿ. ಕೊನೆಯ ಸಾಲಿನಲ್ಲಿ ಕುಳಿತ ಒಬ್ಬರು ಕೇಳಿಸದ ಮಾತಿಗೆಲ್ಲ ಕೈ ಎತ್ತಲಿ.

ನಿಮಗೆ ಮೂರು ದಾರಿಗಳಿವೆ. ಪೂರ್ತಿ ಮುಖವಾಡ ನೋಡಲು ಚೆಂದ, ಒಬ್ಬನೇ ನಟ ಮೂರು ಪಾತ್ರ ಮಾಡಿದರೂ ಗೊತ್ತಾಗುವುದಿಲ್ಲ. ಆದರೆ ಅದಕ್ಕೆ ಕನಿಷ್ಠ ನಾಲ್ಕು ವಾರದ ಮುಖವಾಡದ ತಾಲೀಮು ಬೇಕು. ಮುಖವಾಡವೇ ಬೇಡವೆಂದು ಬಣ್ಣ ಹಚ್ಚಿದರೆ ಮಾತು ಸ್ಪಷ್ಟ, ಆದರೆ ನಟ ಮುಖದಲ್ಲೇ ಸಣ್ಣಸಣ್ಣ ಅಭಿನಯಕ್ಕೆ ಇಳಿಯುತ್ತಾನೆ, ಬಯಲಲ್ಲಿ ಅದು ಐದನೇ ಸಾಲು ದಾಟುವುದಿಲ್ಲ. ನಿಮ್ಮಂಥ ತಂಡಕ್ಕೆ ನನ್ನ ಸಲಹೆ ಅರ್ಧ ಮುಖವಾಡ: ಹಣೆಯಿಂದ ಮೇಲ್ದುಟಿಯವರೆಗೆ ಮುಚ್ಚಿ ದವಡೆಯನ್ನು ಬಿಡುವುದು. ಗಲ್ಲ, ತುಟಿಗೆ ಮುಖವಾಡದ ಬಣ್ಣವನ್ನೇ ಹಚ್ಚಬೇಕು. ಇಲ್ಲವಾದರೆ ಕೆಳಗಿನ ಬಾಯಿ ಬೇರೆ ಯಾರದೋ ಅನ್ನಿಸುತ್ತದೆ.

ಮಾಡುವ ಬಗೆ ಹೀಗೆ. ನಟನ ಮುಖದ ಅಳತೆಗಿಂತ ಸುತ್ತಲೂ ಒಂದು ಸೆಂ.ಮೀ. ದೊಡ್ಡದಾಗಿ ಜೇಡಿಮಣ್ಣಿನಲ್ಲಿ ಮುಖ ತಿದ್ದಿ. ಹುಬ್ಬು, ಮೂಗು, ಕೆನ್ನೆಗಳನ್ನು ನಾಚಿಕೆಯಿಲ್ಲದೆ ಉಬ್ಬಿಸಿ, ಏಕೆಂದರೆ ಮುಖವಾಡಕ್ಕೆ ಜೀವ ಬರುವುದು ಅವುಗಳ ನೆರಳಿನಿಂದ. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯಿರಿ. ಅಚ್ಚಿನ ಒಳಗೆ ವ್ಯಾಸಲೀನ್ ಸವರಿ, ಹಳೆಯ ಹತ್ತಿ ಪಂಚೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ, ಒಂದು ಪದರ ಅಡ್ಡ, ಮುಂದಿನದು ಉದ್ದ ಹೀಗೆ ಐದಾರು ಪದರ ಕೂಡಿಸಿ. ನೆರಳಲ್ಲಿ ಎರಡು ದಿನ ಒಣಗಲಿ. ಬೇಗ ಆಗಲೆಂದು ಬಿಸಿಲಿಗಿಟ್ಟರೆ ಅಂಚು ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಹಣೆಗೆ ಒಂದು, ಕಪಾಲದ ಎರಡು ಬದಿಗೆ ಒಂದೊಂದು ಸ್ಪಂಜಿನ ತುಂಡು ಅಂಟಿಸಿದರೆ ಮುಖವಾಡ ಚರ್ಮಕ್ಕೆ ತಾಗದೆ ಗಾಳಿ ಆಡುತ್ತದೆ. ತೂಕ 300 ಗ್ರಾಂ ಮೀರಿದರೆ ನಟನ ಕತ್ತು ಮುಂದಕ್ಕೆ ಬಾಗುತ್ತದೆ, ಕತ್ತು ಬಾಗಿದರೆ ದನಿ ನೆಲಕ್ಕೆ ಹೋಗುತ್ತದೆ. ಕನ್ನಡಕ ಹಾಕುವವರು ಯಾರೆಂದು ಮೊದಲೇ ಕೇಳಿಕೊಂಡು ಅವರ ಮುಖವಾಡದ ಕಣ್ಣಿನ ಜಾಗ ದೊಡ್ಡದು ಮಾಡಿ.

ಮುಖ ಮುಚ್ಚಿದರೆ ಅಭಿನಯ ಹೋಗುವುದಿಲ್ಲ, ಕತ್ತಿಗೂ ಹೆಗಲಿಗೂ ಇಳಿಯುತ್ತದೆ. ಇದಕ್ಕೆ ಎರಡು ಶಿಸ್ತು ಸಾಕು. ಮಾತಾಡುವವನು ಮೊದಲು ತಲೆ ಹೊರಳಿಸಿ, ನಂತರ ಬಾಯಿ ತೆರೆಯಬೇಕು. ಉಳಿದವರು ಆಗ ಅಲುಗಬಾರದು. ಇಲ್ಲದಿದ್ದರೆ ದೂರದವರಿಗೆ ಯಾರು ಮಾತಾಡುತ್ತಿದ್ದಾರೆಂದೇ ತಿಳಿಯುವುದಿಲ್ಲ. ಎರಡನೆಯದು, ಪೂರ್ತಿ ಪಕ್ಕಕ್ಕೆ ತಿರುಗಬಾರದು. ಎದುರಿನ ಪಾತ್ರದ ಜೊತೆ ಜಗಳವಾಡುವಾಗಲೂ ಮುಖವಾಡದ ಮುಕ್ಕಾಲು ಭಾಗ ಜನರ ಕಡೆಗಿರಲಿ.

ಇನ್ನು ಮೈ. ಅಥೆನ್ಸಿನ ಹಾಸ್ಯನಟ ಮೈಗಂಟುವ ಅಂಗಿ ತೊಟ್ಟು ಅದರೊಳಗೆ ಹೊಟ್ಟೆಗೂ ಕುಂಡಿಗೂ ದಿಂಬು ಸೇರಿಸುತ್ತಿದ್ದ. ಕಲಾವಿದರೆಲ್ಲ ಗಂಡಸರೇ. ಹೆಣ್ಣುಪಾತ್ರದ ಸೀರೆಯಂಥ ಉಡುಗೆಯೊಳಗೂ ಇದೇ ದಿಂಬು. ಇದನ್ನು ಬಿಡಬೇಡಿ, ಏಕೆಂದರೆ ಚಾಟಿಯೇಟಿನ ದೃಶ್ಯ ನಿಂತಿರುವುದೇ ಇದರ ಮೇಲೆ. ಯಜಮಾನ ಡಯೋನಿಸಸ್ ಮತ್ತು ಆಳು ಕ್ಸಾಂಥಿಯಾಸ್ ಇಬ್ಬರಲ್ಲಿ ನಿಜವಾದ ದೇವರು ಯಾರೆಂದು ತಿಳಿಯಲು ಪಾತಾಳದ ಬಾಗಿಲು ಕಾಯುವವನು ಇಬ್ಬರಿಗೂ ಬಾರಿಸುತ್ತಾನೆ, ದೇವರಿಗೆ ನೋವಾಗಬಾರದು ತಾನೇ ಎಂಬ ತರ್ಕದಲ್ಲಿ. ದಿಂಬಿನ ಮೇಲೆ ಬಿದ್ದ ಏಟಿಗೆ ಜನ ನಿಶ್ಚಿಂತೆಯಿಂದ ನಗುತ್ತಾರೆ. ಬರೀ ಬೆನ್ನ ಮೇಲೆ ಬಿದ್ದರೆ ಅಯ್ಯೋ ಅನ್ನುತ್ತಾರೆ.

ಒಂದು ವ್ಯತ್ಯಾಸ ಮಾತ್ರ ಲೆಕ್ಕಕ್ಕಿಟ್ಟುಕೊಳ್ಳಿ. 'ಕಪ್ಪೆಗಳು' ಕ್ರಿ.ಪೂ. 405ರಲ್ಲಿ ಮೊದಲ ಬಹುಮಾನ ಪಡೆದದ್ದು ಲೆನಾಯಾ ಉತ್ಸವದಲ್ಲಿ. ಅದು ಚಳಿಗಾಲದ ಉತ್ಸವ. ನೀವು ಆಡುವುದು ಏಪ್ರಿಲ್‌ನಲ್ಲಿ. ಹತ್ತಿ ತುಂಬಿದ ದಿಂಬು ಅರ್ಧ ಗಂಟೆಯಲ್ಲಿ ಬೆವರು ಕುಡಿದು ಭಾರವಾಗಿ ಕೆಳಗೆ ಜಗ್ಗುತ್ತದೆ. ಎರಡು ಇಂಚಿನ ಫೋಮ್ ಹಾಳೆಯನ್ನು ಆಕಾರಕ್ಕೆ ಕತ್ತರಿಸಿ, ಹತ್ತಿ ಬನಿಯನ್‌ಗೆ ಒಳಜೇಬು ಹೊಲಿದು ಅದರಲ್ಲಿ ಕೂರಿಸಿ. ಫೋಮಿಗೆ ಅಲ್ಲಲ್ಲಿ ಬೆರಳು ತೂರುವಷ್ಟು ತೂತು ಮಾಡಿ. ಒಬ್ಬೊಬ್ಬರಿಗೆ ಎರಡೆರಡು ಬನಿಯನ್ ಇರಲಿ. ಮೇಳದ ಕೈಯಲ್ಲಿ ಪಂಜುಗಳಿರಬೇಕೆಂದು ನಾಟಕದಲ್ಲೇ ಇದೆ, ಆದರೆ ಫೋಮ್, ಒಣಗಿದ ಅಂಟು, ಕೃತಕ ಕೂದಲು ಮೂರೂ ಬೇಗ ಹೊತ್ತಿಕೊಳ್ಳುವಂಥವು. ನಿಜವಾದ ಬೆಂಕಿ ಖಂಡಿತ ಬೇಡ. ಬಿದಿರ ಕೋಲಿನ ತುದಿಗೆ ಹಳದಿ ಎಲ್‌ಇಡಿ, ಅದರ ಸುತ್ತ ತೆಳು ಬಟ್ಟೆ ಸಾಕು.

ಚರ್ಮದ ಲಿಂಗ ಇದ್ದದ್ದು ನಿಜ, ಗಂಡುಪಾತ್ರಗಳ ವೇಷದ ಮಾಮೂಲಿ ಭಾಗ ಅದು. ಅರಿಸ್ಟೋಫನೀಸನದೇ 'ಲೈಸಿಸ್ಟ್ರಾಟಾ' ನಾಟಕದಲ್ಲಿ ಅದಿಲ್ಲದೆ ಕಥೆಯೇ ಸಾಗದು, ಏಕೆಂದರೆ ಅಲ್ಲಿ ಹೆಂಡತಿಯರು ಹತ್ತಿರ ಸೇರಿಸದ ಗಂಡಸರ ಅವಸ್ಥೆ ಕಣ್ಣಿಗೆ ಕಾಣಬೇಕು. 'ಕಪ್ಪೆಗಳು' ಅದರ ಮೇಲೆ ನಿಂತ ನಾಟಕವಲ್ಲ. ಡಯೋನಿಸಸ್ ತೊಡುವುದು ಉದ್ದನೆಯ ನಿಲುವಂಗಿ. ನಿಮ್ಮ ನಟರಿಗೆ ಮುಜುಗರವಿದ್ದರೆ ಬಿಟ್ಟುಬಿಡಿ, ನಷ್ಟವಿಲ್ಲ. ಒಲ್ಲದ ಮನಸ್ಸಿನಿಂದ ಕಟ್ಟಿಕೊಂಡವನು ರಂಗದ ಮೇಲೆ ಕುಗ್ಗಿ ನಿಲ್ಲುತ್ತಾನೆ, ಅದು ಪಾತ್ರವನ್ನೇ ಕೆಡಿಸುತ್ತದೆ.

ನಿಲುವಂಗಿಯ ಬಣ್ಣಕ್ಕೆ ಗಮನ ಕೊಡಿ. ಮೂಲದಲ್ಲಿ ಅದು ಕೇಸರಿ. ಅಥೆನ್ಸಿನಲ್ಲಿ ಹೆಂಗಸರ ಹಬ್ಬದ ಉಡುಪಿನ ಬಣ್ಣ. ಅದರ ಮೇಲೆ ಹೆರಾಕ್ಲಿಸನ ಸಿಂಹದ ಚರ್ಮ, ಕೈಯಲ್ಲಿ ಗದೆ. ಹೆಣ್ಣುಡುಗೆಯ ಮೇಲೆ ವೀರನ ವೇಷ ಹಾಕಿಕೊಂಡ ಹೇಡಿ ದೇವರು ಎಂಬುದು ಮೊದಲ ನೋಟದಲ್ಲೇ ತಿಳಿಯಬೇಕು. ನಮ್ಮಲ್ಲಿ ಕೇಸರಿ ಕಂಡರೆ ಸನ್ಯಾಸಿಯೋ ಪಕ್ಷವೋ ನೆನಪಾಗುತ್ತದೆ, ನಗೆ ಅಲ್ಲೇ ದಾರಿ ತಪ್ಪುತ್ತದೆ. ಜರಿಯಂಚಿನ ಗುಲಾಬಿ ಬಟ್ಟೆ ಆ ಕೆಲಸವನ್ನು ಸರಿಯಾಗಿ ಮಾಡುತ್ತದೆ. ಸಿಂಹದ ಚರ್ಮಕ್ಕೆ ಲಾಡಿ ಕಟ್ಟಬೇಡಿ. ಯಜಮಾನ ಹೆದರಿದಾಗ ಅದು ಆಳಿನ ಮೈಮೇಲೆ, ಒಳಗಿಂದ ಊಟದ ಕರೆ ಬಂದಾಗ ಮತ್ತೆ ಯಜಮಾನನ ಮೇಲೆ, ಹಳೇ ಬಾಕಿ ಕೇಳುವ ಹೋಟೆಲಿನ ಹೆಂಗಸರು ಬಂದಾಗ ಮತ್ತೆ ಆಳಿನ ಮೇಲೆ, ಹೀಗೆ ಮೂರು ಸಲ ಕೈಬದಲಾಗುತ್ತದೆ. ಪ್ರತಿ ಸಲವೂ ಐದು ಸೆಕೆಂಡಿನೊಳಗೆ ಆಗಬೇಕು. ಸಿಂಹದ ತಲೆಯನ್ನು ಟೋಪಿಯಂತೆ ಮಾಡಿ ಕೊರಳ ಬಳಿ ಒಂದೇ ದೊಡ್ಡ ಕೊಕ್ಕೆ ಹಾಕಿ. ಮುಖವಾಡ ಹಾಕಿದವನಿಗೆ ತನ್ನ ಕೊರಳು ಕಾಣುವುದಿಲ್ಲ, ಗಂಟು ಬಿಚ್ಚುತ್ತ ನಿಂತರೆ ದೃಶ್ಯ ಸತ್ತುಹೋಗುತ್ತದೆ.

ಈಗ ಮೇಳ. 24 ಎಂಬುದು ಅಥೆನ್ಸಿನ ಹಾಸ್ಯನಾಟಕದ ಸಂಖ್ಯೆ, ಅದರ ಖರ್ಚನ್ನು ಒಬ್ಬ ಶ್ರೀಮಂತ ನಾಗರಿಕನ ಮೇಲೆ ಹೊರಿಸುತ್ತಿದ್ದರು. ನಿಮಗೆ ಎಂಟು ಜನ ಸಾಕು. ಅದಕ್ಕಿಂತ ಇಳಿದರೆ ಮೇಳ ಒಂದು ಮೈಯಾಗಿ ಕಾಣುವುದಿಲ್ಲ, ಬಿಡಿಬಿಡಿ ಮನುಷ್ಯರಾಗಿ ಕಾಣುತ್ತದೆ. ಹದಿನಾಲ್ಕರಲ್ಲಿ ಎಂಟು ಮೇಳಕ್ಕೆ, ಒಬ್ಬರು ವಾದ್ಯಕ್ಕೆ ಹೋದರೆ ಐದು ನಟರು ಉಳಿಯುತ್ತಾರೆ. ಒಬ್ಬ ಡಯೋನಿಸಸ್. ಎರಡನೆಯವನು ಕ್ಸಾಂಥಿಯಾಸ್, ಕೊನೆಯಲ್ಲಿ ಪ್ಲೂಟೊ. ಮೂರನೆಯವನು ಹೆರಾಕ್ಲಿಸ್, ಬಾಗಿಲು ಕಾಯುವವ ಮತ್ತು ಪ್ಲೂಟೊನ ಆಳು. ನಾಲ್ಕನೆಯವನು ಅಂಬಿಗ ಕ್ಯಾರನ್, ಹೋಟೆಲಿನ ಒಬ್ಬ ಹೆಂಗಸು, ಆಮೇಲೆ ಈಸ್ಕಿಲಸ್. ಐದನೆಯವನು ಅರಮನೆಯ ದಾಸಿ, ಹೋಟೆಲಿನ ಇನ್ನೊಬ್ಬಳು, ಆಮೇಲೆ ಯೂರಿಪಿಡೀಸ್. ಸಾಮಾನು ಹೊರಲು ಎರಡು ದ್ರಾಕ್ಮಾ ಕೇಳಿ ಚೌಕಾಸಿ ಮಾಡುವ ಹೆಣದ ಪಾತ್ರ ಮೇಳದವರೊಬ್ಬರದಾಗಲಿ. ಕಡೆಯ ಭಾಗದಲ್ಲಿ ಡಯೋನಿಸಸ್, ಇಬ್ಬರು ಕವಿಗಳು, ಪ್ಲೂಟೊ ನಾಲ್ವರೂ ಒಟ್ಟಿಗೆ ಮಾತಾಡುತ್ತಾರೆ. ಗ್ರೀಕ್ ನಾಟಕದಲ್ಲಿ ಯಾವಾಗಲೂ ಮೂವರೇ ನಟರು ಎಂಬ ಪಾಠಪುಸ್ತಕದ ಮಾತು ಹಾಸ್ಯನಾಟಕಕ್ಕೆ ಅನ್ವಯಿಸುವುದಿಲ್ಲ.

ಮೇಳದ ನೇರ ಭಾಷಣವನ್ನು, ಅಂದರೆ ಪರಬಾಸಿಸ್ ಭಾಗವನ್ನು, ಕತ್ತರಿಸಿದರೆ ಏನಾಗುತ್ತದೆ ನೋಡಿ. ಡಯೋನಿಸಸ್ ಮೊದಲ ಸಾಲಿನಿಂದ 673ನೇ ಸಾಲಿನವರೆಗೆ ರಂಗದ ಮೇಲೇ ಇರುತ್ತಾನೆ. ಓಡುತ್ತಾನೆ, ದೋಣಿ ಹುಟ್ಟು ಹಾಕುತ್ತಾನೆ, ಏಟು ತಿನ್ನುತ್ತಾನೆ. 674ರಲ್ಲಿ ಮೇಳದ ಭಾಷಣ ಶುರುವಾಗುತ್ತದೆ, ಅದಾದ ಮೇಲೆ ಇಬ್ಬರು ಆಳುಗಳ ಹರಟೆ, ನಂತರ ಚಿಕ್ಕ ಹಾಡು. ಅವನು ಮರಳುವುದು 830ರಲ್ಲಿ, ಅಲ್ಲಿಂದ ಕೊನೆಯವರೆಗೂ ಬಹುತೇಕ ಬಿಡುವಿಲ್ಲ. ಮುಖವಾಡ ತೆಗೆದು ನೀರು ಕುಡಿದು ಬನಿಯನ್ ಬದಲಿಸಲು ಆ ನಟನಿಗೆ ಸಿಗುವ ಸಮಯ ಇದೊಂದೇ. ಕವಿಗಳಾಗುವ ನಾಲ್ಕನೆಯ, ಐದನೆಯ ನಟರು ಮುಖವಾಡ, ದಿಂಬು ಬದಲಿಸುವುದೂ ಆಗಲೇ. ಪರಬಾಸಿಸ್ ತೆಗೆದರೆ ನಿಮ್ಮ ನಾಟಕ ನೇಪಥ್ಯದಲ್ಲಿ ಕುಸಿಯುತ್ತದೆ.

ಅದರ ವಿಷಯವೂ ಹಳಸಿಲ್ಲ. ಕ್ರಿ.ಪೂ. 411ರ ರಾಜಕೀಯ ಗಲಭೆಯಲ್ಲಿ ಸೇರಿ ಹಕ್ಕು ಕಳೆದುಕೊಂಡ ನಾಗರಿಕರನ್ನು ಕ್ಷಮಿಸಿ ಮರಳಿ ಸೇರಿಸಿಕೊಳ್ಳಿ ಎಂದು ಮೇಳ ಊರಿಗೆ ಬುದ್ಧಿ ಹೇಳುತ್ತದೆ. ಒಳ್ಳೆಯ ಹಳೇ ನಾಣ್ಯ ಬಿಟ್ಟು ನಿನ್ನೆ ಮೊನ್ನೆ ಹೊಡೆದ ಕೆಟ್ಟ ತಾಮ್ರದ ನಾಣ್ಯ ಬಳಸುವಂತೆ ನೀವು ಯೋಗ್ಯರನ್ನು ಬಿಟ್ಟು ಅಯೋಗ್ಯರನ್ನು ಬಳಸುತ್ತಿದ್ದೀರಿ ಎನ್ನುತ್ತದೆ. ಈ ಭಾಗಕ್ಕಾಗಿಯೇ ನಾಟಕವನ್ನು ಮತ್ತೊಮ್ಮೆ ಆಡಿಸಿದರೆಂದು ಪ್ರಾಚೀನರ ಹೇಳಿಕೆಯಿದೆ. ಎಂಟು ಜನರೂ ಅಂಗಳದ ಮುಂಚೂಣಿಗೆ ಬಂದು, ಕುಣಿತ ನಿಲ್ಲಿಸಿ, ನಾಣ್ಯದ ಮಾತನ್ನು ಸರಳ ಕನ್ನಡದಲ್ಲಿ ನೇರವಾಗಿ ಹೇಳಲಿ. ಜನ ತಾವೇ ತಮ್ಮ ಊರಿಗೆ ಅನ್ವಯಿಸಿಕೊಳ್ಳುತ್ತಾರೆ.

ಇದರಿಂದ ನಿಮ್ಮ ರಾಜಕಾರಣಿಗಳ ಪ್ರಶ್ನೆಗೆ ಬರೋಣ. ಅಥೆನ್ಸಿನಲ್ಲಿ ಯಾರನ್ನು ಏನು ಬೇಕಾದರೂ ಅನ್ನಬಹುದಿತ್ತು ಎಂಬುದು ಅರ್ಧ ಸತ್ಯ. ಕ್ರಿ.ಪೂ. 426ರ 'ಬ್ಯಾಬಿಲೋನಿಯನ್ನರು' ನಾಟಕದ ನಂತರ ಪ್ರಬಲ ನಾಯಕ ಕ್ಲಿಯೋನ್ ಅರಿಸ್ಟೋಫನೀಸನ ವಿರುದ್ಧ ನಗರದ ಮಂಡಳಿಗೆ ದೂರು ಒಯ್ದಿದ್ದ. ನಮ್ಮ ಕಾಲದ್ದೂ ಇದೆ. 1959ರಲ್ಲಿ ಗ್ರೀಕ್ ನಿರ್ದೇಶಕ ಕರೋಲೋಸ್ ಕೂನ್ ಅಥೆನ್ಸಿನಲ್ಲಿ, ಅಕ್ರೊಪೊಲಿಸ್ ಗುಡ್ಡದ ಬುಡದ ಹೆರೋಡಿಸ್ ಅಟಿಕಸ್ ರಂಗಮಂದಿರದಲ್ಲಿ, ಮಾನೋಸ್ ಹಾಜಿದಾಕಿಸ್ ಸಂಗೀತದೊಡನೆ ಅರಿಸ್ಟೋಫನೀಸನ 'ಹಕ್ಕಿಗಳು' ಆಡಿಸಿದರು. ಬಲಿ ಕೊಡುವ ಪುರೋಹಿತನನ್ನು ಇಂದಿನ ಗ್ರೀಕ್ ಚರ್ಚಿನ ಪಾದ್ರಿಯಂತೆ, ಚರ್ಚಿನ ರಾಗದಲ್ಲೇ ಹಾಡಿಸಿದ್ದರು. ಒಂದೇ ಪ್ರದರ್ಶನವಾದ ಮೇಲೆ ಸರ್ಕಾರ ತಡೆ ಹಾಕಿತು. ಅದೇ ನಾಟಕ 1962ರಲ್ಲಿ ಪ್ಯಾರಿಸಿನಲ್ಲಿ ಬಹುಮಾನ ಪಡೆಯಿತು. ಸ್ಥಳೀಯ ಮುಖ ಕೊಟ್ಟೊಡನೆ ಹಾಸ್ಯಕ್ಕೆ ಹರಿತ ಬರುತ್ತದೆ, ಅಪಾಯವೂ ಬರುತ್ತದೆ. ಕಾನೂನಿನ ತೊಂದರೆ ಒಂದು ಕಡೆ ಇರಲಿ. ಬದುಕಿರುವ ಒಬ್ಬ ರಾಜಕಾರಣಿಯ ಹೆಸರು ಬಿದ್ದ ಕೂಡಲೇ ಜನ ಅವರವರ ಪಕ್ಷದವರಾಗುತ್ತಾರೆ, ಅರ್ಧ ಅಂಗಳ ನಗುವುದನ್ನು ನಿಲ್ಲಿಸುತ್ತದೆ. ನನ್ನ ಅಭಿಪ್ರಾಯ: ಬರೀ ಚುಚ್ಚಲು ಬರುವ ಹೆಸರುಗಳನ್ನು ಸಾಲುಸಮೇತ ತೆಗೆಯಿರಿ. ಕಥೆಗೆ ಬೇಕಾದ ಹೆಸರುಗಳನ್ನು ಇಟ್ಟುಕೊಂಡು, ಯೂರಿಪಿಡೀಸ್ ಆಗಷ್ಟೇ ತೀರಿಕೊಂಡಿದ್ದ, ಅವನನ್ನು ಮರಳಿ ಕರೆತರಲು ನಾಟಕದ ದೇವರು ಪಾತಾಳಕ್ಕೆ ಹೊರಟಿದ್ದಾನೆ ಎಂದು ನಾಟಕಕ್ಕೆ ಮೊದಲು ಮೇಳದವರೊಬ್ಬರ ಬಾಯಲ್ಲಿ ಎರಡು ವಾಕ್ಯ ಹೇಳಿಸಿ. ಬದಲಿ ಹಾಸ್ಯ ಸೇರಿಸಲೇಬೇಕೆಂದರೆ ವ್ಯಕ್ತಿಗಳನ್ನು ಬಿಟ್ಟು ಕಸುಬುಗಳನ್ನು, ಚಾಳಿಗಳನ್ನು ಹಿಡಿಯಿರಿ.

ದೋಣಿಯ ದೃಶ್ಯಕ್ಕೆ ಹೆಚ್ಚು ತಾಲೀಮು ಮೀಸಲಿಡಿ. ಕಪ್ಪೆಗಳ ಮೇಳ ಮೂಲ ಪ್ರಯೋಗದಲ್ಲಿ ಕಣ್ಣಿಗೆ ಕಂಡಿತೇ, ಒಳಗಿಂದ ದನಿ ಮಾತ್ರ ಬಂತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬಯಲಿನಲ್ಲಿ ಪರದೆ ಹಿಂದಿನ ಹಾಡು ಕಲಸಿಹೋಗುತ್ತದೆ, ಆದ್ದರಿಂದ ನೀವು ಕಾಣಿಸಿ. ಹಸಿರು ಟೋಪಿ, ಕುಕ್ಕರಗಾಲು ಸಾಕು. ಮುಂದೆ ಇದೇ ಎಂಟು ಜನ ದೀಕ್ಷೆ ಪಡೆದ ಭಕ್ತರಾಗಿ ಬರಬೇಕಾದ್ದರಿಂದ ಬಿಳಿ ಉಡುಗೆಯ ಮೇಲೆ ಕಳಚಬಹುದಾದ ಹಸಿರು ಹೊದಿಕೆ ಇರಲಿ. 'ಬ್ರೆಕೆಕೆಕೆಕ್ಸ್ ಕೊವಾಕ್ಸ್ ಕೊವಾಕ್ಸ್' ಎಂಬ ಕೂಗನ್ನು ಅನುವಾದಿಸಬೇಡಿ. ಈ ದೃಶ್ಯದ ಒಳಗಿನ ಯಂತ್ರ ಲಯ: ಹುಟ್ಟು ಹಾಕಲು ಬಾರದ ಡಯೋನಿಸಸ್‌ಗೆ ಕಪ್ಪೆಗಳು ತಾಳ ಹೇರುತ್ತವೆ, ಅವನ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಕೊನೆಗೆ ಅವನೇ ಅವುಗಳ ಕೂಗನ್ನು ಕಿತ್ತುಕೊಂಡು ಅವುಗಳಿಗಿಂತ ಜೋರಾಗಿ ಕೂಗಿ ಗೆಲ್ಲುತ್ತಾನೆ. ಮೇಳ ಎಲ್ಲಿ ವೇಗ ಹೆಚ್ಚಿಸುತ್ತದೆ, ಅವನು ಎಲ್ಲಿ ತಪ್ಪುತ್ತಾನೆ, ಎಲ್ಲಿ ತಾಳ ಕಸಿಯುತ್ತಾನೆ, ಈ ಮೂರು ಜಾಗ ಪಕ್ಕಾ ಇಲ್ಲದಿದ್ದರೆ ಬರೀ ಗದ್ದಲ. ದೋಣಿಗೆ ಚಿಕ್ಕ ಚಕ್ರ ಹಾಕಿದರೆ ಮಣ್ಣಿನ ನೆಲದಲ್ಲಿ ಹೂತುಕೊಳ್ಳುತ್ತದೆ. ಆರು ಇಂಚಿನ ರಬ್ಬರ್ ಚಕ್ರ ಹಾಕಿ, ಮುಂದೆ ಹಗ್ಗ ಕಟ್ಟಿ ಇಬ್ಬರು ಕಪ್ಪೆಗಳು ಎಳೆಯಲಿ.

ವಾದ್ಯ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಗ್ರೀಕರ ಔಲೋಸ್ ಅನ್ನು ಕೊಳಲು ಎಂದು ಬರೆಯುವುದು ರೂಢಿಯಾಗಿದೆ, ಅದರಿಂದ ಬಾನ್ಸುರಿ ತರುತ್ತಾರೆ. ಔಲೋಸ್ ಎರಡು ನಳಿಗೆಯ, ಪೀಪಿ ಇರುವ, ಕಿವಿಗೆ ಚುಚ್ಚುವ ವಾದ್ಯ. ಒಬ್ಬನೇ ವಾದಕ ಇಡೀ ಅಂಗಳಕ್ಕೆ ಕೇಳಿಸುತ್ತಿದ್ದ. ನಮ್ಮ ಮೌರಿ ಅಥವಾ ಶಹನಾಯಿ ಅದಕ್ಕೆ ಹತ್ತಿರ. ಎಲ್ಲವನ್ನೂ ಹಾಡಿಸಬೇಡಿ. ಸಂಭಾಷಣೆ ವಾದ್ಯವಿಲ್ಲದ ಮಾತು, ವಾಗ್ವಾದದ ಉದ್ದ ಸಾಲುಗಳು ವಾದ್ಯದ ಮೇಲೆ ಲಯಬದ್ಧ ಮಾತು, ಮೇಳದ್ದು ಹಾಡು. ಈ ಮೂರು ಹಂತ ಕಿವಿಗೆ ಬೇರೆ ಬೇರೆಯಾಗಿ ಕೇಳಬೇಕು.

ಇಬ್ಬರು ಕವಿಗಳು ತಮ್ಮ ಸಾಲುಗಳನ್ನು ತಕ್ಕಡಿಯಲ್ಲಿ ತೂಗುವ ದೃಶ್ಯಕ್ಕೆ ಆರು ಅಡಿ ಉದ್ದದ ದಂಡಿಯ ದೊಡ್ಡ ತಕ್ಕಡಿ ಮಾಡಿಸಿ. ಒಬ್ಬೊಬ್ಬರು ಒಂದೊಂದು ತಟ್ಟೆ ಹಿಡಿದು ಅದರೊಳಗೇ ಸಾಲು ಹೇಳುತ್ತಾರೆ, ಮೂರು ಸಲವೂ ಈಸ್ಕಿಲಸನ ತಟ್ಟೆ ಕೆಳಗಿಳಿಯುತ್ತದೆ. ಅವನ ಸಾಲಿನಲ್ಲಿ ಮೊದಲು ನದಿ ಇರುತ್ತದೆ, ನಂತರ ಸಾವು, ನಂತರ ರಥದ ಮೇಲೆ ರಥ, ಹೆಣದ ಮೇಲೆ ಹೆಣ. ಅನುವಾದಕರು ಏನನ್ನು ಬಿಟ್ಟರೂ ಈ ಭಾರದ ಪದಾರ್ಥಗಳನ್ನು ಬಿಡಬಾರದು. ದಂಡಿಯನ್ನು ಅಡಗಿದ ದಾರದಿಂದ ಎಳೆಯುವ ಬದಲು ಮೇಳದವರೊಬ್ಬರು ಎಲ್ಲರಿಗೂ ಕಾಣುವಂತೆಯೇ ಎಳೆಯಲಿ. ಬಯಲಿನ ಗಾಳಿಗೆ ದಾರ ಸಿಕ್ಕಿಕೊಂಡು ತಟ್ಟೆ ನಡುವೆ ನಿಂತುಬಿಟ್ಟರೆ ದೃಶ್ಯ ಮುಗಿಯಿತು.

ಕೊನೆಯದಾಗಿ ಬೆಳಕು ಮತ್ತು ಮೈಕ್. ಅಥೆನ್ಸಿನಲ್ಲಿ ಹಗಲು ಹೊತ್ತು ಆಡುತ್ತಿದ್ದರು, ನಟನಿಗೆ ಪ್ರೇಕ್ಷಕರ ಮುಖ ಕಾಣುತ್ತಿತ್ತು. ಪಾತಾಳದ ಭೂತಕ್ಕೆ ಹೆದರಿದ ಡಯೋನಿಸಸ್ ಮುಂದಿನ ಸಾಲಲ್ಲಿ ಕುಳಿತ ತನ್ನದೇ ಪೂಜಾರಿಯ ಬಳಿ 'ನನ್ನನ್ನು ಕಾಪಾಡು' ಎಂದು ಮೊರೆಯಿಡುತ್ತಾನೆ. ಪ್ರೇಕ್ಷಕರನ್ನು ಪೂರ್ತಿ ಕತ್ತಲಲ್ಲಿಟ್ಟರೆ ಇದು ನಡೆಯುವುದಿಲ್ಲ. ಸಂಜೆ ಐದೂವರೆಗೆ ಶುರುಮಾಡಿ. ಕತ್ತಲಾದ ಮೇಲೂ ಪ್ರೇಕ್ಷಕರ ಮೇಲೆ ಅರ್ಧ ಬೆಳಕು ಉಳಿಸಿ. ಮುಂದಿನ ಸಾಲಿನ ನಡುವೆ ಒಂದು ಒಳ್ಳೆ ಕುರ್ಚಿ ಹಾಕಿ ಊರಿನ ಹಿರಿಯರೊಬ್ಬರನ್ನು ಮೊದಲೇ ಒಪ್ಪಿಸಿ ಕೂರಿಸಿ. ಮೈಕ್ ಬೇಕೋ ಬೇಡವೋ ಎಂಬುದನ್ನು ನಿಮ್ಮ ಬಯಲೇ ಹೇಳುತ್ತದೆ: ಹಿಂದೆ ಗೋಡೆಯಿದ್ದು ಕೊನೆಯ ಸಾಲು 20 ಮೀಟರ್ ಒಳಗಿದ್ದರೆ ಅರ್ಧ ಮುಖವಾಡದ ದನಿ ತಲುಪುತ್ತದೆ. ಪಕ್ಕದಲ್ಲಿ ರಸ್ತೆಯಿದ್ದರೆ ಸಾಧ್ಯವಿಲ್ಲ. ಆಗ ಕಾಲರ್ ಮೈಕನ್ನು ಎದೆಗೆ ಸಿಕ್ಕಿಸಬೇಡಿ, ದಿಂಬು ಉಜ್ಜಿ ಕರಕರ ಎನ್ನುತ್ತದೆ. ಮುಖವಾಡದ ಹಣೆಯ ಒಳಭಾಗಕ್ಕೆ, ಸ್ಪಂಜಿನ ಪಕ್ಕ, ಟೇಪಿನಿಂದ ಅಂಟಿಸಿ, ಮುಖವಾಡ ಬದಲಿಸುವ ನಟರ ಪ್ರತಿ ಮುಖವಾಡಕ್ಕೂ ಬೇರೆ ಮೈಕ್ ಇಡಿ. ಅಷ್ಟು ಮೈಕ್ ಹೊಂದಿಸಲಾಗದಿದ್ದರೆ ಅಂಗಳದ ಮುಂದಿನ ಅಂಚಿನಲ್ಲಿ ನೆಲಮಟ್ಟದಲ್ಲಿ ಮೂರು ಮೈಕ್ ಇಟ್ಟು, ಮೇಳದ ಕುಣಿತವನ್ನು ಅವುಗಳಿಂದ ಎರಡು ಮೀಟರ್ ಹಿಂದಕ್ಕೆ ಸರಿಸಿ.